23 ವರ್ಷದ ವಿಟೆಕ್ ಸಿಟಿಗೆ ರೇಟ್ ಕಟ್ಟಿ ಮಾರಿದ್ದು: ನನ್ನ ಅನುಭವ

ನನ್ನ 2002ರ ಹೋಂಡಾ ಸಿಟಿ ವಿಟೆಕ್ 2025ರ ನವೆಂಬರ್‌ನಲ್ಲಿ ಮಾರ್ದೆ, 2,25,000ಕ್ಕೆ. ಆಫೀಸಲ್ಲಿ ಕೆಲವರು ಅಷ್ಟು ಹಳೇ ಗಾಡಿಗೆ ಅಷ್ಟು ದುಡ್ಡು ಯಾರು ಕೊಟ್ರು ಅಂತಾರೆ, ಭಾನುವಾರ ಬೆಳಗ್ಗೆ ಜೊತೆಗೆ ಗಾಡಿ ತಗೊಂಡು ಬರೋ ಫ್ರೆಂಡ್ಸು ಯಾಕಪ್ಪಾ ಅಷ್ಟು ಕಮ್ಮಿಗೆ ಕೊಟ್ಬಿಟ್ಟೆ ಅಂತಾರೆ. ರೇಟ್ ಹೇಗೆ ಕಟ್ಟಿದೆ ಅಂತ ಹೇಳಿದ್ರೆ ಇಬ್ರಿಗೂ ಉತ್ತರ ಸಿಗುತ್ತೆ, ಅದಕ್ಕೇ ಬರೀತಿದೀನಿ, ಹಳೇ ಗಾಡಿ ಇಟ್ಕೊಂಡು ಮಾರೋದಾ ಬೇಡ್ವಾ ಅಂತ ಒದ್ದಾಡ್ತಿರೋರಿಗೆ ಸ್ವಲ್ಪ ಉಪಯೋಗ ಆಗ್ಬಹುದು.

ಗಾಡಿ ಗೊತ್ತಿಲ್ದೇ ಇರೋರಿಗೆ ಎರಡು ಮಾತು. ಸಿಟಿ ನಮ್ಮ ದೇಶಕ್ಕೆ ಬಂದಿದ್ದು 1998ರಲ್ಲಿ, 2000ದಲ್ಲಿ ಅದೇ ಬಾಡಿಯಲ್ಲಿ 1.5 ಲೀಟರ್ ವಿಟೆಕ್ ಇಂಜಿನ್ ಹಾಕಿದ್ರು, ಶಕ್ತಿ 106 ಬಿಎಚ್‌ಪಿ. ಆ ಕಾಲಕ್ಕೆ ಅದು ತುಂಬಾ ದೊಡ್ಡ ವಿಷಯ. 2003ರಲ್ಲಿ ಹೊಸ ಶೇಪ್ ಬಂದಾಗ ಅದರಲ್ಲಿ ಇದ್ದದ್ದು 77 ಬಿಎಚ್‌ಪಿ, ಮೈಲೇಜ್ ಚೆನ್ನಾಗಿತ್ತು, ಆದ್ರೆ ಓಡ್ಸೋ ಖುಷಿಗೆ ತಗೊಳ್ಳೋರು ಹಳೇದನ್ನೇ ಹುಡುಕೋಕೆ ಶುರು ಮಾಡಿದ್ರು. ಇವತ್ತಿಗೂ ಹುಡುಕ್ತಾರೆ. ಆರ್‌ಪಿಎಂ ಸೂಜಿ ಐದು ಸಾವಿರ ದಾಟ್ತಿದ್ದ ಹಾಗೆ ಇಂಜಿನ್ ದನಿ ಬದಲಾಗುತ್ತಲ್ಲ, ಅದನ್ನ ಒಂದ್ಸಲ ಕೇಳಿದೋರಿಗೆ ಬೇರೆ ಏನೂ ವಿವರಿಸ್ಬೇಕಾಗಿಲ್ಲ. ನಾನು 2012ರಲ್ಲಿ ತಗೊಂಡೆ, ಮೂರನೇ ಓನರ್, ಆಗ 84,000 ಕಿಲೋಮೀಟರ್ ಆಗಿತ್ತು. ಕೊಡೋ ಹೊತ್ತಿಗೆ 1,62,000. ಅಪ್ಪನಿಗೆ ಹತ್ತಿ ಇಳಿಯೋಕೆ ತೀರಾ ಕೆಳಗಾಯ್ತು, ಮನೇಲಿ ಪಾರ್ಕಿಂಗ್ ಒಂದೇ, ಎರಡು ವರ್ಷ ಮುಂದೂಡಿ ಮುಂದೂಡಿ ಆಮೇಲೆ ಮಾರೋ ತೀರ್ಮಾನಕ್ಕೆ ಬಂದೆ.

ಮೊದಲು ನಾನು ಹೇಳಿದ ರೇಟ್ 3,50,000. ಯಾಕೆ ಅಂದ್ರೆ 13 ವರ್ಷದಲ್ಲಿ ಗಾಡಿಗೆ ಹಾಕಿದ ದುಡ್ಡು ಎಲ್ಲಾ ಬಿಲ್ ಕೂಡಿಸಿ ನೋಡಿದ್ರೆ ನಾಲ್ಕೂವರೆ ಲಕ್ಷ ದಾಟಿತ್ತು, ಒಂದು ಲಕ್ಷ ಬಿಟ್ಟೇ ಹೇಳ್ತಿದೀನಲ್ಲ ಅಂತ ನನಗೆ ಅನ್ನಿಸ್ತಿತ್ತು. ಒಂದು ತಿಂಗಳು ಒಬ್ರೂ ಬಂದು ನೋಡ್ಲಿಲ್ಲ. ಇನ್ನೊಂದು ಕಡೆ ಹಳೇ ಕಾರು ಕೊಳ್ಳೋ ಒಂದು ಕಂಪನಿಯೋರು ಮನೆಗೇ ಬಂದು ಟ್ಯಾಬ್ಲೆಟ್ ಹಿಡ್ಕೊಂಡು ಸುತ್ತ ಫೋಟೋ ಹೊಡ್ದು 42,000 ಅಂದ್ರು, ಬಾನೆಟ್ ಎತ್ತಿದ್ದು ಒಂದು ನಿಮಿಷ ಅಷ್ಟೇ. ನನಗೆ ತುಂಬಾ ಬೇಜಾರಾಯ್ತು. ಅವರ ಲೆಕ್ಕದಲ್ಲಿ ಅದು 23 ವರ್ಷದ ಪೆಟ್ರೋಲ್ ಗಾಡಿ, ಗುಜರಿಗಿಂತ ಒಂದು ಮೆಟ್ಟಿಲು ಮೇಲೆ. ಇನ್ಶೂರೆನ್ಸ್ ಐಡಿವಿ, ಅಂದ್ರೆ ಪಾಲಿಸೀಲಿ ಗಾಡಿಗೆ ಕಟ್ಟೋ ಬೆಲೆ, ಅದನ್ನ ನೋಡಿ ರೇಟ್ ಕಟ್ಟೋಣ ಅಂದ್ರೆ ಅದೂ ಆಗಲ್ಲ, ಐದು ವರ್ಷದವರೆಗೆ ಮಾತ್ರ ಅದಕ್ಕೆ ಟೇಬಲ್ ಇರೋದು, ಐದನೇ ವರ್ಷಕ್ಕೆ 50% ಕಡಿತ, ಅದರ ಮೇಲೆ ಇನ್ಶೂರೆನ್ಸ್ ಕಂಪನಿಯೋರೂ ನಾವೂ ಮಾತಾಡಿ ಒಪ್ಕೊಂಡದ್ದೇ ಐಡಿವಿ. ನನ್ನ ಹತ್ರ ಇದ್ದದ್ದಂತೂ ಬರೀ ಥರ್ಡ್ ಪಾರ್ಟಿ, ಅದ್ರಲ್ಲಿ ಐಡಿವಿನೇ ಇರಲ್ಲ.

ಇಷ್ಟು ವರ್ಷ ಗಾಡಿ ನೋಡ್ಕೊಂಡಿದ್ದ ನಮ್ಮ ಮೆಕ್ಯಾನಿಕ್ ಭಾಯ್ ಹತ್ರ ಹೋಗಿ ಹೇಳ್ಕೊಂಡೆ. ಅವರು ಸ್ಪ್ಯಾನರ್ ಕೆಳಗಿಟ್ಟು ಒಂದೇ ಮಾತು ಹೇಳಿದ್ರು, "ಸಾರ್, ನೀವು ಹಾಕಿದ ದುಡ್ಡಲ್ಲಿ ನೀವು ಓಡ್ಸಿ ಆಯ್ತು. ತಗೊಳ್ಳೋನು ಇನ್ನು ಎಷ್ಟು ಹಾಕ್ಬೇಕು, ಅದು ನೋಡಿ." ನನ್ನ ತಲೇಲಿದ್ದ ಲೆಕ್ಕ ಪೂರ್ತಿ ತಿರುಗಿದ್ದು ಅಲ್ಲಿ.

ಆಮೇಲೆ ಮಾಡಿದ ಮೊದಲ ಕೆಲಸ, ಇದೇ ಮಾಡೆಲ್ ಮಾರಿದೋರನ್ನ ಹುಡುಕಿ ಫೋನ್ ಮಾಡಿದ್ದು. ಆ್ಯಡ್‌ನಲ್ಲಿ ಹಾಕಿದ ರೇಟ್ ಅಲ್ಲ, ದುಡ್ಡು ಕೈಗೆ ಬಂದು ಗಾಡಿ ಹೋಯ್ತಲ್ಲ ಆ ರೇಟ್ ಬೇಕಿತ್ತು ನನಗೆ, ಯಾಕಂದ್ರೆ ಆ್ಯಡ್‌ನಲ್ಲಿ ಐದು ಲಕ್ಷ ಅಂತ ಹಾಕಿ ವರ್ಷಗಟ್ಲೆ ಹಾಗೇ ನಿಂತಿರೋ ಗಾಡಿ ಬೇಕಾದಷ್ಟಿವೆ. ಫ್ರೆಂಡ್ಸ್ ಮೂಲಕ ಐದು ಗಾಡಿಯ ನಿಜವಾದ ರೇಟ್ ಸಿಕ್ತು. ಅದ್ರಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಮೈಸೂರಿನ ಒಂದು ಸಿಂಗಲ್ ಓನರ್ ಗಾಡಿ, 70,000 ಓಡಿದ್ದು, 3,10,000ಕ್ಕೆ ಹೋಗಿತ್ತು. ಅದನ್ನೇ ಮೇಲಿನ ಗೆರೆ ಅಂತ ಇಟ್ಕೊಂಡೆ. ಓಡಿರೋ ಕಿಲೋಮೀಟರ್ ಮತ್ತೆ ನಾನು ಮೂರನೇ ಓನರ್ ಆಗಿರೋದಕ್ಕೆ 25,000 ಕಳೆದೆ, ಇದು ಅಂದಾಜು, ಇದಕ್ಕೆ ಯಾವ ಸೂತ್ರವೂ ಇಲ್ಲ. ಆಮೇಲೆ ತಗೊಳ್ಳೋನಿಗೆ ಮೊದಲನೇ ವರ್ಷದಲ್ಲಿ ಬರೋ ಖರ್ಚನ್ನ ಗ್ಯಾರೇಜಲ್ಲೇ ಕೂತು ಬರೆಸ್ಕೊಂಡೆ. ಟೈರ್ ಟ್ರೆಡ್ ಇನ್ನೂ ಇದೆ, ಆದ್ರೆ ಸೈಡಲ್ಲಿ 3119 ಅಂತಿದೆ, ಅಂದ್ರೆ 2019ರ 31ನೇ ವಾರದ್ದು, ಆರು ವರ್ಷ ಆಯ್ತು, ಹೈವೇಲಿ ನಂಬೋಕಾಗಲ್ಲ, ನಾಲ್ಕಕ್ಕೆ 18,000. ಎಸಿ ಕಂಪ್ರೆಸರ್ ಸದ್ದು ಮಾಡ್ತಿದೆ, 22,000. ಬಲಗಡೆ ಹಿಂದಿನ ವೀಲ್ ಆರ್ಚ್ ಒಳಗಡೆ ತುಕ್ಕು, ಟಿಂಕರಿಂಗ್ ಪೇಂಟಿಂಗ್ ಸೇರಿ 15,000. ಒಳಗೆ ರೂಫ್ ಬಟ್ಟೆ ಜೋತಾಡ್ತಿದೆ, 4,000. ಒಟ್ಟು 59,000. ಕಳೆದ್ರೆ 2,26,000 ಬಂತು, ನಾನು 2,30,000 ಅಂತ ಹಾಕಿದೆ.

ಇದೆಲ್ಲಾ ನಾನೇ ರಿಪೇರಿ ಮಾಡಿಸಿ ಜಾಸ್ತಿ ರೇಟ್‌ಗೆ ಕೊಡಬಹುದಿತ್ತಲ್ಲ ಅಂತ ಕೇಳ್ಬಹುದು. ಬೇಡ ಅಂತೀನಿ. ಮಾರೋಕೆ ಮುಂಚೆ ಹೊಸದಾಗಿ ಪೇಂಟ್ ಮಾಡ್ಸಿದ ಹಳೇ ಗಾಡಿ ನೋಡಿದ ತಕ್ಷಣ ಗೊತ್ತಿರೋರಿಗೆ ಬರೋ ಮೊದಲ ಯೋಚನೆ ಇದ್ರ ಕೆಳಗೆ ಏನು ಮುಚ್ಚಿದಾರೆ ಅಂತಾನೇ. ತುಕ್ಕು ಕಣ್ಣಿಗೆ ಕಾಣ್ತಿದ್ರೆ ಎಷ್ಟಿದೆ ಅಂತ ಗೊತ್ತಾಗುತ್ತೆ, ಪುಟ್ಟಿ ಹಾಕಿ ಪೇಂಟ್ ಹೊಡೆದ್ರೆ ಗೊತ್ತಾಗಲ್ಲ, ಗೊತ್ತಾಗ್ದೇ ಇರೋದಕ್ಕೆ ತಗೊಳ್ಳೋನು ಜಾಸ್ತಿನೇ ಕಳೀತಾನೆ.

ಇನ್ನೊಂದು, ನನ್ನ ಗಾಡಿಗೆ ಆಲಾಯ್ ವೀಲು, ಸೌಂಡ್ ಬರೋ ಎಗ್ಸಾಸ್ಟು ಎಲ್ಲಾ ಇತ್ತು, ಮೂವತ್ತು ವಯಸ್ಸಲ್ಲಿ ಹಾಕಿಸಿದ್ದು. ಅದಕ್ಕೆ ರೇಟ್ ಕೇಳಿದ್ರೆ ಯಾರೂ ಕೊಡಲ್ಲ, ಅದು ನಮ್ಮ ರುಚಿ, ಅವರದ್ದಲ್ಲ. ಕಂಪನಿಯಿಂದ ಬಂದ ಸ್ಟೀಲ್ ರಿಮ್ಮು, ವೀಲ್ ಕ್ಯಾಪು, ಒರಿಜಿನಲ್ ಎಗ್ಸಾಸ್ಟು ಎಲ್ಲಾ ಮನೆ ಅಟ್ಟದ ಮೇಲೆ ಗೋಣಿ ಸುತ್ತಿ ಇಟ್ಟಿದ್ದೆ, ಹಾಗೆ ಇಟ್ಟಿದ್ದಕ್ಕೆ ಇವತ್ತಿಗೂ ಸಂತೋಷ ಇದೆ. ಎಲ್ಲಾ ವಾಪಸ್ ಸ್ಟಾಕ್‌ಗೆ ತಂದೆ, ಆಲಾಯ್ ಬೇರೆಯಾಗೇ ಮಾರ್ದೆ, 20,000 ಬಂತು. ಬೆಂಗಳೂರಿನ ಸ್ಪೇರ್ ಪಾರ್ಟ್ಸ್ ಬೀದಿ ಜೆ.ಸಿ. ರೋಡಲ್ಲಿ ಇಡೀ ದಿನ ಸುತ್ತಿದ್ರೂ ಸಿಗದ ಪಾರ್ಟು ಕೆಲವು ಇವೆ ಈ ಗಾಡಿಗೆ, ಅಂಥವನ್ನ ಶಿವಾಜಿನಗರದ ಗುಜರಿಯಿಂದ ವರ್ಷಗಟ್ಲೆ ಆರಿಸಿ ತಂದಿಟ್ಟಿದ್ದೆ, ಪ್ಲಗ್‌ಗಳಿಗೆ ಕರೆಂಟ್ ಹಂಚೋ ಒಂದು ಡಿಸ್ಟ್ರಿಬ್ಯೂಟರ್, ಎಡಗಡೆ ಟೇಲ್ ಲ್ಯಾಂಪ್, ಬಂಪರ್ ಕ್ಲಿಪ್ಪುಗಳು. ಅದನ್ನ ಗಾಡಿ ಜೊತೆ ಹಾಗೇ ಕೊಡ್ತೀನಿ ಅಂತ ಬರೆದೆ. ಡಿಸ್ಟ್ರಿಬ್ಯೂಟರ್ ಕೈಕೊಟ್ಟು ರೋಡಲ್ಲಿ ನಿಂತಿರೋ ವಿಟೆಕ್ ಓನರ್‌ಗೆ ಆ ಒಂದು ಡಬ್ಬಿಯ ಬೆಲೆ ಏನು ಅಂತ ಗೊತ್ತು.

ಆ್ಯಡ್ ಬರೆಯೋವಾಗ ಕೊರತೆ ಮೊದಲು ಬರೆದೆ, ಒಳ್ಳೇದು ಆಮೇಲೆ. ಮೊದಲನೇ ಫೋಟೋನೇ ವೀಲ್ ಆರ್ಚ್ ತುಕ್ಕು, ಪಕ್ಕದಲ್ಲಿ ಬೆರಳಿಟ್ಟು ಅಳತೆ ಗೊತ್ತಾಗೋ ಹಾಗೆ. ಎಸಿ ಸದ್ದಿನ ವಿಡಿಯೋ. ರೋಡ್ ಹಂಪ್‌ಗಳಲ್ಲಿ ಕೆರೆದ ಹೊಟ್ಟೆ ಭಾಗದ ಫೋಟೋ, ನಾಲ್ಕು ಜನ ಕೂತ್ರೆ ಈ ಗಾಡಿ ಕೆರೀದೇ ಇರಲ್ಲ, ಎಲ್ರಿಗೂ ಗೊತ್ತಿರೋದೇ. ಆಮೇಲೆ ಬಿಲ್‌ಗಳ ಫೈಲು, 13 ವರ್ಷದ್ದು, ತಾರೀಕಿನ ಪ್ರಕಾರ ಜೋಡಿಸಿದ್ದು, ಟೈಮಿಂಗ್ ಬೆಲ್ಟ್ ಮತ್ತೆ ವಾಟರ್ ಪಂಪ್ 1,38,000ದಲ್ಲಿ ಬದಲಾಗಿದ್ದು ಬಿಲ್ ಸಮೇತ, 20% ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ್ಮೇಲೆ ಫ್ಯೂಯಲ್ ಲೈನಿನ ರಬ್ಬರ್ ಪೈಪ್ ಎಲ್ಲಾ ಹೊಸದು ಹಾಕಿಸಿದ್ದು ಅದೂ. ಆರ್‌ಸಿ 2017ರಲ್ಲಿ 15 ವರ್ಷ ಮುಗಿದಾಗ ಎಫ್‌ಸಿ, ಅಂದ್ರೆ ಫಿಟ್‌ನೆಸ್ ಟೆಸ್ಟ್, ಮಾಡಿಸಿ ರಿನ್ಯೂ ಆಗಿದೆ, 2022ರಲ್ಲಿ ಮತ್ತೆ, ಈಗ 2027ರ ಆಗಸ್ಟ್‌ವರೆಗೆ ಇದೆ ಅಂತಾನೂ, 20 ವರ್ಷ ದಾಟಿದ ಕಾರಿಗೆ ರಿನ್ಯೂವಲ್ ಫೀಸು 2025ರ ಆಗಸ್ಟ್‌ನಲ್ಲಿ 5,000ದಿಂದ 10,000 ಆಗಿದೆ, ಆ ಖರ್ಚು ನಿಮ್ಮ ತಲೆ ಮೇಲೆ ಬರುತ್ತೆ ಅಂತಾನೂ ಬರೆದೆ. ಇದನ್ನೆಲ್ಲಾ ಬರೆದ್ರೆ ಯಾರು ಬರ್ತಾರೆ ಅಂತ ಹೆಂಡತಿ ಕೇಳಿದ್ಲು. ವಾರದಲ್ಲಿ ಹನ್ನೊಂದು ಜನ ಫೋನ್ ಮಾಡಿದ್ರು.

ಗಾಡಿ ನೋಡ್ದೇ "ಲಾಸ್ಟ್ ಎಷ್ಟು ಸಾರ್" ಅಂದೋರಿಗೆ ಬಂದು ನೋಡಿ ಆಮೇಲೆ ಮಾತಾಡೋಣ ಅಂತ ಹೇಳಿ ಇಟ್ಟೆ. ಒಬ್ರು ಬಂದು ನೋಡಿ ಇಷ್ಟಪಟ್ಟು, ನಾನು ಹೇಳಿದ್ದಕ್ಕಿಂತ ಹತ್ತು ಸಾವಿರ ಜಾಸ್ತಿ, "2,40,000 ಕೊಡ್ತೀನಿ, ಆದ್ರೆ ಟ್ರಾನ್ಸ್‌ಫರ್ ನಾನೇ ಆಮೇಲೆ ಮಾಡ್ಕೋತೀನಿ, ನೀವು ಫಾರಂಗೆ ಸೈನ್ ಹಾಕಿ ಕೊಡಿ ಸಾಕು" ಅಂದ್ರು. ಅವರಿಗೆ ಆಗಲ್ಲ ಅಂದೆ. ಯಾಕೆ ಅಂತ ಮುಂದೆ ಹೇಳ್ತೀನಿ.

ತಗೊಂಡೋನು ಹಾಸನದ ಕಡೆ ಹುಡುಗ, ಕೆಲಸ ಇಲ್ಲೇ ಬೆಂಗಳೂರಲ್ಲಿ. ಫೋನಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ, "ಅಣ್ಣ, ಬೆಳಗ್ಗೆ ಆರಕ್ಕೆ ಬಂದ್ರೆ ತೊಂದ್ರೆ ಇಲ್ಲ ಅಲ್ವಾ, ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ." ಇವನಿಗೆ ಗಾಡಿ ಗೊತ್ತು ಅಂತ ಅಲ್ಲೇ ಅನ್ನಿಸ್ತು. ಬಂದೋನು ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟು ತಣ್ಣಗಿದ್ಯಾ ನೋಡ್ದ. ಸ್ಟಾರ್ಟ್ ಮಾಡಿದ್ಮೇಲೆ ಹಿಂದೆ ಹೋಗಿ ಸೈಲೆನ್ಸರ್ ಮುಂದೆ ಕುಕ್ಕರಗಾಲಲ್ಲಿ ಕೂತು ಹೊಗೆ ನೋಡ್ದ, ಮೂಸಿ ನೋಡ್ದ. ಬ್ಯಾಗಿಂದ ಫ್ರಿಜ್‌ಗೆ ಅಂಟಿಸೋ ಮ್ಯಾಗ್ನೆಟ್ ತೆಗೆದು ಬಾಡಿ ಪೂರ್ತಿ ಇಟ್ಕೊಂಡು ಬಂದ, ಎಡಗಡೆ ಹಿಂದಿನ ಡೋರ್ ಕೆಳಗೆ ಮಾತ್ರ ಮ್ಯಾಗ್ನೆಟ್ ಜಾರಿ ಬಿತ್ತು, ಅಲ್ಲಿ 2016ರಲ್ಲಿ ಒಂದು ಬೈಕ್ ತಾಗಿ ಪುಟ್ಟಿ ಹಾಕಿದ್ದು, ಅದನ್ನೂ ಆ್ಯಡಲ್ಲಿ ಬರೆದಿದ್ದೆ, ನನ್ನ ಮುಖ ನೋಡಿ "ಬರ್ದಿದೀರಲ್ಲ ಅಣ್ಣ" ಅಂದ. ಆಮೇಲೆ ಪೇಪರ್ ಹಾಸಿ ಗಾಡಿ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿ ನನ್ನನ್ನೂ ಕರೆದ. ಪವರ್ ಸ್ಟೀರಿಂಗ್ ಪೈಪ್ ಜಾಯಿಂಟಲ್ಲಿ ಎಣ್ಣೆ ಜಿನುಗ್ತಿತ್ತು, ಧೂಳು ಮೆತ್ತಿ ಕಪ್ಪಗಾಗಿತ್ತು. ಅದು ನನಗೆ ಗೊತ್ತೇ ಇರಲಿಲ್ಲ, ಹಾಗೇ ಹೇಳಿದೆ. ಅಲ್ಲಿಂದಲೇ ಭಾಯ್‌ಗೆ ಫೋನ್ ಹಾಕಿ ಸ್ಪೀಕರಲ್ಲಿ ಕೇಳಿದ್ವಿ, ಪೈಪ್ ಲೇಬರ್ ಸೇರಿ ಐದು ಸಾವಿರದ ಹತ್ರ ಅಂದ್ರು. ಅಲ್ಲೇ 5,000 ಕಮ್ಮಿ ಮಾಡಿದೆ. ಅವನು ಬೇರೆ ಏನೂ ಚೌಕಾಸಿ ಮಾಡ್ಲಿಲ್ಲ, ನಾನೂ ಬೇರೆ ಏನೂ ಬಿಡ್ಲಿಲ್ಲ. ಕನಕಪುರ ರೋಡಲ್ಲಿ ಒಂದು ರೌಂಡ್ ಹೋಗಿ ಬಂದು, ದರ್ಶಿನೀಲಿ ಇಡ್ಲಿ ವಡೆ ಕಾಫಿ ಆಗಿ, 10,000 ಟೋಕನ್ ಹಾಕ್ದ.

ಈಗ ಪೇಪರ್ ವಿಷಯ. 2013ರಲ್ಲಿ ನನ್ನ ಹಳೇ ಝೆನ್ ಒಬ್ಬ ಬ್ರೋಕರ್‌ಗೆ ಖಾಲಿ ಫಾರಂಗೆ ಸೈನ್ ಹಾಕಿ ಕೊಟ್ಟಿದ್ದೆ. ಒಂದೂವರೆ ವರ್ಷ ಆದ್ಮೇಲೆ ಬೇರೆ ಜಿಲ್ಲೆಯ ಪೊಲೀಸ್ ಸ್ಟೇಷನ್‌ನಿಂದ ಫೋನ್, ನಿಮ್ಮ ಗಾಡಿ ಒಬ್ರಿಗೆ ಗುದ್ದಿ ಹೋಗಿದೆ ಅಂತ. ಗಾಡಿ ಆಗ ಮೂರು ಕೈ ದಾಟಿತ್ತು, ಆರ್‌ಸಿ ಮಾತ್ರ ನನ್ನ ಹೆಸರಲ್ಲೇ. ಗುದ್ದಿಸ್ಕೊಂಡ ಹಿರಿಯರಿಗೆ ಕಾಲು ಮುರಿದಿತ್ತು, ದೇವರ ದಯೆ ನಡೆಯೋ ಹಾಗಾದ್ರು, ನಾನು ಆರು ತಿಂಗಳು ಓಡಾಡಿದೆ. ಗಾಡಿ ಮಾರಿದ್ರೂ ಆರ್‌ಸಿಯಲ್ಲಿ ಹೆಸರಿರೋನೇ ಓನರ್, ಪರಿಹಾರದ ಹೊಣೆ ಅವನದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಹತ್ತು ಸಾವಿರ ಜಾಸ್ತಿ ಅಂದೋರಿಗೆ ಆಗಲ್ಲ ಅಂದದ್ದು.

ಈ ಸಲ ಓನರ್ ಹೆಸರು ಬದಲಾಯಿಸೋ ಫಾರಂ 29, 30 ಇಬ್ರೂ ಎದುರಾಎದುರು ಕೂತು ಪೂರ್ತಿ ತುಂಬಿದ್ವಿ, ಒಂದು ಜಾಗಾನೂ ಖಾಲಿ ಬಿಡ್ದೆ. ಬಿ ಎಕ್ಸ್‌ಟ್ರಾಕ್ಟ್, ಅಂದ್ರೆ ಆರ್‌ಟಿಓ ದಾಖಲೆಯ ನಕಲು, ನಾನು ಮೊದಲೇ ತೆಗೆಸಿಟ್ಟಿದ್ದೆ, ಹಿಂದಿನ ಓನರ್‌ಗಳು, ಲೋನ್ ಕ್ಲಿಯರ್ ಆಗಿರೋದು ಎಲ್ಲಾ ಅದ್ರಲ್ಲಿ ಬರುತ್ತೆ, ತಗೊಳ್ಳೋನು ಕೇಳೋಕೆ ಮುಂಚೆ ಕೈಗೆ ಕೊಟ್ರೆ ಮಾತೇ ಬೇರೆ. ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕ್ಸಿತ್ತು, ಎಮಿಷನ್ ಇತ್ತು, ಬಾಕಿ ಇದ್ದ ಎರಡು ಟ್ರಾಫಿಕ್ ಫೈನ್ 2025ರ ಆಗಸ್ಟ್-ಸೆಪ್ಟೆಂಬರಲ್ಲಿ 50% ರಿಯಾಯಿತಿ ಬಿಟ್ಟಾಗಲೇ ಕಟ್ಟಿದ್ದೆ. ಡೆಲಿವರಿ ನೋಟಲ್ಲಿ ತಾರೀಕಿನ ಜೊತೆ ಟೈಮ್ ಕೂಡ ಬರೆದ್ವಿ, ಬೆಳಗ್ಗೆ 11.20, ಆ ನಿಮಿಷದಿಂದ ಕ್ಯಾಮೆರಾಗೆ ಸಿಕ್ಕಿದ್ದೆಲ್ಲಾ ಅವನದ್ದು. ಬಾಕಿ ದುಡ್ಡು ಪೂರ್ತಿ ಬ್ಯಾಂಕಲ್ಲೇ ಬಂತು. ಮಾರಿದ ವಿಷಯ ಆರ್‌ಟಿಓಗೆ 14 ದಿನದೊಳಗೆ ತಿಳಿಸ್ಬೇಕು, ನಾವು ಮೂರನೇ ದಿನಕ್ಕೇ ಅಪ್ಲಿಕೇಶನ್ ಹಾಕಿದ್ವಿ, ಇನ್ಶೂರೆನ್ಸ್ ಹೆಸರು ಬದಲಾವಣೆಗೂ ಅದೇ ವಾರ ಅವನು ಬರೆದ. ಅಪ್ಪ ಅವತ್ತು ಗೇಟ್ ಹತ್ರ ಕುರ್ಚಿ ಹಾಕಿಸ್ಕೊಂಡು ಕೂತಿದ್ರು, ಗಾಡಿ ತಿರುವಲ್ಲಿ ಹೋಗೋವರೆಗೂ ನೋಡಿ, "ಹುಡುಗ ಕ್ಲಚ್ ಮೆತ್ತಗೆ ಬಿಡ್ತಾನೆ ಕಣೋ" ಅಂದ್ರು.

ಇಪ್ಪತ್ತಮೂರನೇ ದಿನ ಆರ್‌ಸಿ ಅವನ ಹೆಸರಿಗೆ ಆಯ್ತು, ಫೋಟೋ ಕಳ್ಸಿದ. ಅದರ ಕೆಳಗೆ ಇನ್ನೊಂದು ಫೋಟೋ, ಸ್ಟೀರಿಂಗ್ ಪೈಪ್ ಬದಲಾಯಿಸಿದ ಬಿಲ್ಲು, 4,650. ನಮ್ಮ ಭಾಯ್ ಹತ್ರಾನೇ ಮಾಡಿಸಿದಾನೆ, ನಾನು ಕೊಟ್ಟ ಫೈಲಲ್ಲೇ ತಾರೀಕು ಬರೆದು ಸೇರಿಸಿದಾನೆ.