ತುಕ್ಕು ಮೊಳೆ, ಸ್ಟ್ರಾ, ಇಳಿಸಿದ ತಂತಿ: ನಮ್ಮ ಮನೆಯ ಹ್ಯಾಲೋವೀನ್ ಹಾಡುಗಳು

ನಾವು ನ್ಯೂಜೆರ್ಸಿಗೆ ಬಂದ ಮೊದಲ ವರ್ಷ ಪಕ್ಕದ ಮನೆಯ ಅಜ್ಜಿ ಹೇಳಿದ್ದರು, ಅಕ್ಟೋಬರ್ 31, ಹ್ಯಾಲೋವೀನ್ ಸಂಜೆ ಹೊರಗಿನ ದೀಪ ಹಾಕಿಡಿ, ಭೂತಗೀತದ ವೇಷ ಹಾಕಿ ಮಕ್ಕಳು ಸಿಹಿ ಕೇಳೋಕೆ ಬರ್ತಾರೆ ಅಂತ. ದೀಪ ಹಾಕಿದೆ. ಒಂದು ಬುಟ್ಟಿ ಚಾಕೊಲೇಟ್ ಇಟ್ಟೆ. ಜೊತೆಗೆ ಕಿಟಕಿಯಲ್ಲಿ ಸ್ಪೀಕರ್ ಇಟ್ಟು ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್' ಹಾಕಿದೆ. ಆ ಹಾಡಿನ ಕೊನೆಯಲ್ಲಿ ನಟ ವಿನ್ಸೆಂಟ್ ಪ್ರೈಸ್ ನಗು ಬರುತ್ತದಲ್ಲ, ಸರಿಯಾಗಿ ಆಗ ಕುಂಬಳಕಾಯಿ ವೇಷದ ಪುಟ್ಟ ಮಗುವೊಂದು ಮೆಟ್ಟಿಲು ಹತ್ತಿತು. ಕಿಟಾರನೆ ಕಿರುಚಿ ಅಮ್ಮನ ಕಾಲು ತಬ್ಬಿಕೊಂಡಿತು. ಚಾಕೊಲೇಟ್ ಹಿಡಿದು ಗೇಟಿನ ತನಕ ಹೋದೆ, ಮಗು ಕೈ ಚಾಚಲೇ ಇಲ್ಲ. ಆ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮಾರನೇ ವರ್ಷದಿಂದ ಹಾಡುಗಳನ್ನು ಕೂತು ಕೇಳಿ, ಹೊತ್ತು ನೋಡಿ ಜೋಡಿಸುತ್ತೇನೆ.

ಐದೂವರೆಗೆ, ಇನ್ನೂ ಬೆಳಕಿರುವಾಗ, ಚಿಕ್ಕವರು ಬರುತ್ತಾರೆ. ಅವರಿಗೆ 1962ರ 'ಮಾನ್‌ಸ್ಟರ್ ಮ್ಯಾಶ್'. ಬಾಬಿ ಪಿಕೆಟ್ ಅದನ್ನು ಹಾಡಿದ್ದು ಹಳೆಯ ಭೂತದ ಸಿನಿಮಾಗಳ ನಟ ಬೋರಿಸ್ ಕಾರ್ಲಾಫ್ ದನಿಯಲ್ಲಿ. ಆ ಅಕ್ಟೋಬರ್‌ನಲ್ಲೇ ಅದು ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. 1973ರಲ್ಲಿ ಮತ್ತೆ ಮೊದಲ ಹತ್ತರೊಳಗೆ ಬಂತು. ನನಗೆ ಅದಕ್ಕಿಂತ ಇಷ್ಟವಾದದ್ದು ಅದರ ಸದ್ದುಗಳು. ಶವಪೆಟ್ಟಿಗೆ ತೆರೆಯುವ ಸದ್ದು ಹಲಗೆಯಿಂದ ತುಕ್ಕು ಮೊಳೆ ಕಿತ್ತದ್ದು. ಕೊಪ್ಪರಿಗೆ ಕುದಿಯುವ ಸದ್ದು ಲೋಟದ ನೀರಿಗೆ ಸ್ಟ್ರಾ ಹಾಕಿ ಊದಿದ್ದು. ಅಷ್ಟೇ!

ನಾನೂ ಮಗಳೂ ಗ್ಯಾರೇಜಿನಲ್ಲಿ ಮಾಡಿ ನೋಡಿದೆವು. ಹೊಸ ಮೊಳೆ ಕಿತ್ತರೆ ಏನೂ ಕೇಳಿಸಲಿಲ್ಲ. ಹಳೇ ಬೇಲಿ ಹಲಗೆಯಲ್ಲಿ ತುಕ್ಕು ಹಿಡಿದ ಒಂದು ಮೊಳೆ ಸಿಕ್ಕಿತು. ಸುತ್ತಿಗೆಯ ಹಿಂಬದಿಯಲ್ಲಿ ಕಚ್ಚಿಸಿ ಗಬಕ್ಕನೆ ಎಳೆದರೆ 'ಕೀಚ್' ಅಂತ ಮುಗಿದೇಹೋಯಿತು. ಇನ್ನೊಂದನ್ನು ಕೂದಲೆಳೆಯಷ್ಟೇ, ಕೂದಲೆಳೆಯಷ್ಟೇ ಎಳೆದೆ. ಕ್ರ್ರ್ರೀ... ಥೇಟ್ ನಮ್ಮಜ್ಜಿ ಮನೆ ಅಟ್ಟದ ಬಾಗಿಲು. ಮಗಳ ತೋಳಿನ ಮೇಲೆ ರೋಮ ಎದ್ದಿತ್ತು, ಆದರೆ ಮುಖದಲ್ಲಿ ನಗು. 'ಅಪ್ಪಾ, ಇನ್ನೊಂದ್ಸಲ' ಅಂದಳು.

ಆವತ್ತಿನಿಂದ ನಮ್ಮ ಬಾಗಿಲ ಮುಂದೆ ನೀರಿನ ಲೋಟಗಳು, ಸ್ಟ್ರಾಗಳು ಇರುತ್ತವೆ. ಹಾಡು ಶುರುವಾದರೆ ಬಂದ ಮಕ್ಕಳು ಬುಳುಬುಳು ಊದುತ್ತಾರೆ. ಒಂದು ಮಗುವೂ ಅತ್ತಿಲ್ಲ. ನಡುವೆ 1984ರ 'ಘೋಸ್ಟ್‌ಬಸ್ಟರ್ಸ್' ಹಾಕುತ್ತೇನೆ. 'ಯಾರನ್ನು ಕರೀತೀರಿ?' ಅಂತ ಹಾಡು ಕೇಳಿದರೆ, 'ಘೋಸ್ಟ್‌ಬಸ್ಟರ್ಸ್!' ಅಂತ ಇಡೀ ಬೀದಿ ಕೂಗುತ್ತದೆ.

ಕತ್ತಲಾದ ಮೇಲೆ ದೊಡ್ಡ ಮಕ್ಕಳ ಸರದಿ. ಆಗ ಸ್ಕ್ರೀಮಿನ್ ಜೇ ಹಾಕಿನ್ಸ್ 1956ರಲ್ಲಿ ಹಾಡಿದ 'ಐ ಪುಟ್ ಎ ಸ್ಪೆಲ್ ಆನ್ ಯೂ', ಅಂದರೆ 'ನಿನಗೆ ಮಾಟ ಹಾಕಿದೆ'. ಮೊದಲು ಅದು ಸುಮ್ನೆ ಒಂದು ನಿಧಾನದ ಪ್ರೇಮಗೀತೆ. ರೆಕಾರ್ಡಿಂಗ್ ದಿನ ಎಲ್ಲರೂ ಚೆನ್ನಾಗಿ ಕುಡಿದಿದ್ದೆವು ಎಂದು ಹಾಕಿನ್ಸ್ ಅವರೇ ಹೇಳಿಕೊಂಡಿದ್ದಾರೆ. ಗೊರಕೆ, ಗುರುಗುಟ್ಟು, ಕಿರುಚಾಟ ಎಲ್ಲ ಸೇರಿ ಅದು ಬೇರೆಯೇ ಆಯಿತು. ನೀನಾ ಸಿಮೋನ್ 1965ರಲ್ಲಿ ಹಾಡಿದ್ದು ನನಗೆ ಇನ್ನೂ ಜಾಸ್ತಿ ಇಷ್ಟ. ಒಂದು ಕಿರುಚಾಟವೂ ಇಲ್ಲ, ಆದರೂ ಮಾಟ ತಗಲುತ್ತದೆ. ಮಕ್ಕಳ ಹಿಂದೆ ನಿಂತ ಅಪ್ಪ ಅಮ್ಮಂದಿರು ಅದಕ್ಕೆ ತಲೆದೂಗುತ್ತಾರೆ. 'ಥ್ರಿಲ್ಲರ್' ಈಗ ಎಂಟು ಗಂಟೆಗೆ, ಹೈಸ್ಕೂಲ್ ಹುಡುಗರಿಗೆ.

ಕೊನೆಯದ್ದನ್ನು ನಾನೇ ನುಡಿಸುತ್ತೇನೆ. ಫ್ರಾನ್ಸಿನ ಸಂಗೀತಗಾರ ಸೆಂಟ್ ಸಾನ್ಸ್ 1874ರಲ್ಲಿ ಬರೆದ 'ಡಾನ್ಸ್ ಮಕಾಬ್ರ್'. ನಡುರಾತ್ರಿ ಸಾವು ಬಂದು ಪಿಟೀಲು ನುಡಿಸುತ್ತದೆ, ಅಸ್ಥಿಪಂಜರಗಳು ಎದ್ದು ಕುಣಿಯುತ್ತವೆ, ಕೋಳಿ ಕೂಗಿದರೆ ಎಲ್ಲ ಮುಗಿಯಿತು. ಇದಕ್ಕಾಗಿ ಪಿಟೀಲಿನ ಅತಿ ಮೇಲಿನ ತಂತಿಯನ್ನು ಅರ್ಧ ಸ್ವರ ಇಳಿಸಬೇಕು. ನಾನು ಮೈಸೂರಿನಲ್ಲಿ ಕಲಿತವನು. ನಮಗೆ ಮೇಲಿನ ಎರಡು ತಂತಿಗಳು ಷಡ್ಜ, ಪಂಚಮ. ಬಿರಡೆ ತಿರುಗಿಸಿ ಪಂಚಮವನ್ನು ಇಳಿಸಿದರೆ ಸಿಗುವುದು ಪ್ರತಿ ಮಧ್ಯಮ. ಕಲ್ಯಾಣಿ ರಾಗದ ಅದೇ ಮಧ್ಯಮ! ಅಲ್ಲಿ ಪಕ್ಕದಲ್ಲಿ ಗಾಂಧಾರ, ಪಂಚಮ ಇವೆ, ಕಿವಿಗೆ ಜೇನು. ಇಲ್ಲಿ ಷಡ್ಜದ ಎದುರು ಒಂಟಿಯಾಗಿ ನಿಂತಿದೆ. ಎರಡೂ ತಂತಿಯ ಮೇಲೆ ಒಟ್ಟಿಗೆ ಬಿಲ್ಲು ಎಳೆದರೆ ಬೆನ್ನುಹುರಿಯಲ್ಲಿ ತಣ್ಣಗಾಗುತ್ತದೆ. ಮೊದಲ ಸಲ ನುಡಿಸಿದಾಗ ಕೈ ನಿಲ್ಲಿಸಿಬಿಟ್ಟೆ.

2024ರಲ್ಲಿ ನರಕ ಚತುರ್ದಶಿಯೂ ಅಕ್ಟೋಬರ್ 31ಕ್ಕೇ ಬಂತು. ಬೆಳಿಗ್ಗೆ ಎಣ್ಣೆ ಸ್ನಾನ, ಸಂಜೆ ಕುಂಬಳಕಾಯಿಯ ಪಕ್ಕ ಹಣತೆ ಸಾಲು. ಒಂಬತ್ತಕ್ಕೆ ಮಗಳು ಪೂಜೆಯ ಗಂಟೆಯನ್ನು 12 ಸಲ ಬಾರಿಸಿದಳು. ಮೂಲದಲ್ಲಿ ನಡುರಾತ್ರಿಯ ಆ 12 ಗಂಟೆ ಹಾರ್ಪ್ ಎಂಬ ತಂತಿವಾದ್ಯದ ಕೆಲಸ. ಮರದ ಪಟ್ಟಿ ಬಡಿದು ನುಡಿಸುವ ಸೈಲೋಫೋನಿನ ಮೂಳೆ ಸದ್ದಿಗೆ ಮಕ್ಕಳು ಖಾಲಿ ಬಕೆಟ್ ಬಡಿದರು. ಕೊನೆಗೆ ಓಬೋ ಎಂಬ ಊದುವ ವಾದ್ಯ ಕೋಳಿಯಂತೆ ಕೂಗಬೇಕು. ಓಬೋ ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಮೆಟ್ಟಿಲ ಮೇಲಿದ್ದವರೆಲ್ಲ ಒಟ್ಟಿಗೆ 'ಕೊಕ್ಕೊಕ್ಕೋ' ಎಂದರು. ನಾನು ತಂತಿಯನ್ನು ಮತ್ತೆ ಪಂಚಮಕ್ಕೆ ಏರಿಸಿ, ಹೊರಗಿನ ದೀಪ ಆರಿಸಿದೆ.