ವಾಯುಪಡೆಯ ಹಳೆಯ ಮರದ ದೋಣಿ: ಒಡಲಿನ ದುರಸ್ತಿ

1930ರ ದಶಕದಿಂದ ಬ್ರಿಟನ್ನಿನ ವಾಯುಪಡೆ ಸೀಪ್ಲೇನ್‌ಗಳಿಗೆ (ನೀರಿನ ಮೇಲೆ ಇಳಿಯುವ ವಿಮಾನಗಳಿಗೆ) ಸಿಬ್ಬಂದಿ, ಸಾಮಾನು ಸಾಗಿಸಲು ಬಳಸಿದ ವೇಗದ ದೋಣಿಗಳನ್ನು ಹಾಳುಮಾಡುವುದು ಉಪ್ಪುನೀರಿಗಿಂತ ಹೆಚ್ಚಾಗಿ ಡೆಕ್ಕಿನಿಂದ ಸೋರುವ ಮಳೆನೀರು.

ಒಡಲಿಗೆ ಸಾಮಾನ್ಯವಾಗಿ ಓರೆಯಾಗಿ ಒಂದಕ್ಕೊಂದು ಅಡ್ಡಹಾಯುವ ಎರಡು ಪದರ ಮಹೋಗನಿ ಹಲಗೆ, ನಡುವೆ ಎಣ್ಣೆ ಹಚ್ಚಿದ ಬಟ್ಟೆ. ಬಟ್ಟೆ ಕೊಳೆತರೂ ಹೊರಗೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ, ಅದನ್ನು ನಂಬಬೇಡಿ. ಮರದ ಸುತ್ತಿಗೆಯಿಂದ ತಟ್ಟಿ, ಮಂದ ಸದ್ದು ಬಂದಲ್ಲಿ ದಬ್ಬಳ ಚುಚ್ಚಿ ನೋಡಿ. ಕೀಲ್ (ತಳದ ನಡುವಿನ ಉದ್ದ ಮರ) ಅಂಚು, ಹಿಂಬದಿಯ ಮೂಲೆಗಳನ್ನು ಮೊದಲು ತಟ್ಟಿ.

ಕೊಳೆತ ಹಲಗೆಯನ್ನು ಕೊಳೆಯದ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಎರಡು ಪದರದ ಜೋಡಣೆಗಳು ಒಂದೇ ಕಡೆ ಬರಕೂಡದು. ತಾಮ್ರದ ಮೊಳೆಯನ್ನೇ ಬಳಸಿ; ಕಬ್ಬಿಣ ತುಕ್ಕು ಹಿಡಿದು ಸುತ್ತಲ ಮರವನ್ನೂ ತಿನ್ನುತ್ತದೆ.

ಬಹುಕಾಲ ದಡದಲ್ಲಿದ್ದ ಒಡಲು ಒಣಗಿ ಬಿರಿದಿರುತ್ತದೆ. ನೀರಿಗಿಳಿಸಿದ ಮೇಲೆ ಮರ ಉಬ್ಬಿ ಸಂದು ಮುಚ್ಚುವವರೆಗೂ ದೋಣಿಯನ್ನು ಹಿಡಿದ ಕ್ರೇನ್ ಪಟ್ಟಿ ಬಿಚ್ಚಬೇಡಿ, ಒಳಬಂದ ನೀರನ್ನು ಹೊರಹಾಕುವ ಪಂಪ್ ಓಡುತ್ತಿರಲಿ.