ಸ್ಕ್ಯಾನ್ ಸರಿಯಿತ್ತು, ತಲೆ ಸರಿಯಿರಲಿಲ್ಲ

ಏಟು ಬಿದ್ದದ್ದು ಜುಲೈ ಕೊನೆಯ ವಾರ, ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಮಳೆ ಹಿಡಿದು ಸುರಿಯುತ್ತಿದ್ದ ಒಂದು ಸಂಜೆ. ಮಡಿಕೇರಿಯಲ್ಲಿ ಬಾಕ್ಸಿಂಗ್ ಅಭ್ಯಾಸದ ಎರಡನೇ ಸುತ್ತಿನಲ್ಲಿ ಎದುರಿನವಳ ಎಡಗೈ ಹುಕ್, ಅಂದರೆ ಪಕ್ಕದಿಂದ ಬೀಸಿದ ಗುದ್ದು, ನನ್ನ ದವಡೆಗೆ ತಾಗಿತು. ನಾನು ಬೀಳಲಿಲ್ಲ, ಎಚ್ಚರ ತಪ್ಪಲಿಲ್ಲ. ತಗಡಿನ ಮಾಡಿನ ಮೇಲಿನ ಮಳೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾದಂತೆ ಅನ್ನಿಸಿತು, ಅಷ್ಟೆ. ಹೆಡ್‌ಗಾರ್ಡ್ ಇದೆಯಲ್ಲ ಎಂಬ ಧೈರ್ಯದಲ್ಲಿ ಇನ್ನೂ ಎರಡು ಸುತ್ತು ಆಡಿದೆ. ಆ ಎರಡು ಸುತ್ತುಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೆಡ್‌ಗಾರ್ಡ್ ಹಾಕಿದರೆ ಹುಬ್ಬು ಹರಿಯುವುದು ತಪ್ಪಬಹುದು. ತಲೆ ಗಕ್ಕನೆ ತಿರುಗಿದಾಗ ಬುರುಡೆಯೊಳಗೆ ಮಿದುಳು ಅಲುಗುವುದನ್ನು ಅದು ತಡೆಯಲಾರದು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಪುರುಷ ಬಾಕ್ಸರ್‌ಗಳು ಹೆಡ್‌ಗಾರ್ಡ್ ಇಲ್ಲದೆಯೇ ಆಡಿದ್ದನ್ನು ನೋಡಿದ್ದರೂ ಈ ವಿಚಾರ ನನಗೆ ಹೊಳೆದಿರಲಿಲ್ಲ.

ಅಂದು ರಾತ್ರಿ ಮೂರ್ನಾಡಿನ ಬಸ್ಸಿನಲ್ಲಿ ತಿರುವು ಬಂದಾಗಲೆಲ್ಲ ಹೊಟ್ಟೆ ತೊಳಸಿತು. ಹುಟ್ಟಿದಾಗಿನಿಂದ ಓಡಾಡಿದ ರಸ್ತೆ ಅದು. ಮರುದಿನ ತಲೆನೋವಿನ ಜೊತೆ ಕಿಟಕಿಯ ಬೆಳಕೂ ಚುಚ್ಚತೊಡಗಿತು. ಕಕ್ಕಡ ಹದಿನೆಂಟರಂದು ಅಮ್ಮ ಮದ್ದುಸೊಪ್ಪಿನ ಪಾಯಸ ಮಾಡಿದ್ದರು. ವರ್ಷವಿಡೀ ಕಾಯುವ ಆ ವಾಸನೆಗೆ ನಾನು ಬಾಯಿ ಮುಚ್ಚಿಕೊಂಡು ಎದ್ದು ಹೋದೆ. ಅಮ್ಮನಿಗೆ ಭಯವಾದದ್ದು ಆಗಲೇ.

ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ, ಏನೂ ಇಲ್ಲ, ಮಲಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಆ ‘ಏನೂ ಇಲ್ಲ’ ಎಂಬ ಮಾತು ನನ್ನನ್ನು ಬಹಳ ಕಾಡಿತು. ರಕ್ತಸ್ರಾವ ಅಥವಾ ಮೂಳೆ ಮುರಿತ ಇದ್ದರೆ ಸಿ.ಟಿ.ಯಲ್ಲಿ ಕಾಣುತ್ತದೆ. ಕನ್‌ಕಷನ್ ಎನ್ನುವುದು ಮಿದುಳಿನ ಕೆಲಸದಲ್ಲಿ ಆಗುವ ಏರುಪೇರು, ಸಾಮಾನ್ಯವಾಗಿ ಆ ಚಿತ್ರದಲ್ಲಿ ಕಾಣುವುದಿಲ್ಲ. ಹಾಗೆಂದು ಸ್ಕ್ಯಾನ್ ವ್ಯರ್ಥ ಎನ್ನುತ್ತಿಲ್ಲ. ಏಟು ಬಿದ್ದವರಿಗೆ ಮತ್ತೆ ಮತ್ತೆ ವಾಂತಿಯಾದರೆ, ತಲೆನೋವು ಏರುತ್ತಲೇ ಹೋದರೆ, ಎಬ್ಬಿಸಿದರೂ ಏಳದಂಥ ಮಂಪರು ಬಂದರೆ, ಫಿಟ್ಸ್ ಬಂದರೆ, ಕೈಕಾಲಿನ ಬಲ ಕುಂದಿದರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಓಡಬೇಕು.

ನಾನು ಮಾಡಿದ ದೊಡ್ಡ ತಪ್ಪು ಕತ್ತಲ ಕೋಣೆ. ಕಿಟಕಿಗೆ ಕಂಬಳಿ ಕಟ್ಟಿ ಮೂರು ವಾರಕ್ಕೂ ಹೆಚ್ಚು ಮಲಗಿದೆ. ದಿನವೂ ಪ್ಯಾರಸಿಟಮಾಲ್ ನುಂಗಿದೆ. ಮಲಗಿದಷ್ಟೂ ಬೆಳಕು ಹೆಚ್ಚು ಚುಚ್ಚಿತು, ನಿದ್ದೆ ಕೆಟ್ಟಿತು, ಮಾತಾಡಿಸಿದವರ ಮೇಲೆಲ್ಲ ರೇಗಿದೆ. ಸೆಪ್ಟೆಂಬರ್‌ನಲ್ಲಿ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಬಂತು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸದ್ದು ದೂರದ ಮೈದಾನದಿಂದ ಕೇಳಿದಾಗ ದಿಂಬನ್ನು ಕಿವಿಗೆ ಒತ್ತಿಕೊಂಡು ಅತ್ತೆ. ಮರುವಾರವೇ ಅಪ್ಪ ಮೈಸೂರಿಗೆ ಕರೆದುಕೊಂಡು ಹೋದರು. ಕುಶಾಲನಗರ ದಾಟಿ ರಸ್ತೆ ನೆಟ್ಟಗಾಗುವವರೆಗೂ ನಾನು ಕಣ್ಣು ತೆರೆಯಲಿಲ್ಲ.

ಅಲ್ಲಿನ ನರರೋಗ ತಜ್ಞರು ಮೊದಲು ಕೇಳಿದ್ದು ಮಾತ್ರೆಯ ಲೆಕ್ಕ. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ನುಂಗುತ್ತಾ ಬಂದರೆ ಪ್ಯಾರಸಿಟಮಾಲ್‌ನಿಂದಲೇ ತಲೆನೋವು ಬರಬಹುದು ಎಂದರು. ಪೂರ್ತಿ ವಿಶ್ರಾಂತಿ ಬೇಕಾದದ್ದು ಮೊದಲ ಒಂದೆರಡು ದಿನ, ಆಮೇಲೆ ಹಿತಮಿತವಾಗಿ ನಡೆದಾಡಬೇಕು ಎಂದೂ ಹೇಳಿದರು. ಫಿಸಿಯೋಥೆರಪಿಸ್ಟ್ ನನ್ನ ತಲೆಬುರುಡೆಯ ಕೆಳಗೆ, ಕತ್ತು ಸೇರುವಲ್ಲಿ ಬೆರಳಿಟ್ಟು ಒತ್ತಿದರು. ಹಣೆಯವರೆಗೆ ನೋವು ಹರಿಯಿತು. ದವಡೆಗೆ ಬಿದ್ದ ಏಟು ಕತ್ತನ್ನೂ ಉಳುಕಿಸಿತ್ತು. ಒಂದೂವರೆ ತಿಂಗಳಲ್ಲಿ ಅಲ್ಲಿಯವರೆಗೆ ಯಾರೂ ನನ್ನ ಕತ್ತನ್ನು ಮುಟ್ಟಿ ನೋಡಿರಲಿಲ್ಲ.

ಟ್ರೆಡ್‌ಮಿಲ್ ಮೇಲೆ ನಡೆಸಿ, ನಿಮಿಷಕ್ಕಿಷ್ಟು ಏರು ಹೆಚ್ಚಿಸುತ್ತಾ ಹೋದಾಗ, ಎದೆಬಡಿತ 138ಕ್ಕೆ ಬಂದಾಗ ತಲೆನೋವು ಎದ್ದಿತು. ‘ದಿನಕ್ಕೆ ಇಪ್ಪತ್ತು ನಿಮಿಷ ನಡೆಯಿರಿ, ಬಡಿತ 124 ದಾಟಬಾರದು’ ಎಂದು ಹೇಳಿ ಕಳಿಸಿದರು. ನಮ್ಮ ತೋಟದಲ್ಲಿ ಇದು ಸುಲಭವಲ್ಲ, ಎಲ್ಲಿ ಕಾಲಿಟ್ಟರೂ ಏರು. ಕೆಲಸಗಾರರ ಲೈನ್ ಮನೆಗಳಿಂದ ಗೋದಾಮಿನವರೆಗಿನ ಸಮತಟ್ಟು ದಾರಿಯೊಂದೇ ನನಗೆ ಸಿಕ್ಕಿದ್ದು. ಕೈಗಡಿಯಾರ ನೋಡುತ್ತಾ ಅಲ್ಲೇ ಹೋಗಿ ಬಂದೆ, ಹೋಗಿ ಬಂದೆ. ತಲೆನೋವಿಗೆ ಹತ್ತರಲ್ಲಿ ಅಂಕ ಕೊಡಬೇಕಿತ್ತು. ಹೊರಟಾಗ ಇದ್ದುದಕ್ಕಿಂತ ಎರಡು ಅಂಕ ಏರಿದರೆ ಅಂದಿಗೆ ನಿಲ್ಲಿಸುವುದು. ಮೊದಲ ವಾರ ಎಂಟು ನಿಮಿಷಕ್ಕೇ ನಿಲ್ಲಿಸಿದ್ದೆ.

ಇನ್ನೊಂದು ಅಭ್ಯಾಸ ಕಣ್ಣು ಮತ್ತು ಒಳಕಿವಿಗೆ. ಕಾರ್ಡಿನ ಮೇಲೆ ‘ಕ’ ಎಂದು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ನೋಟವನ್ನು ಅದರ ಮೇಲೇ ಇಟ್ಟು, ಬೇಡ ಎನ್ನುವಂತೆ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಬೇಕು. ನಿಧಾನಕ್ಕೆ ಆಡಿಸಿದರೆ ಅಕ್ಷರ ಅಕ್ಷರವಾಗಿಯೇ ನಿಲ್ಲುತ್ತಿತ್ತು. ಚೂರು ವೇಗ ಹೆಚ್ಚಿದರೆ ‘ಕ’ದ ನಡುಗೆರೆ ಎರಡಾಗಿ, ಇಡೀ ಅಕ್ಷರ ಗೋಡೆಯ ಮೇಲೆ ಜಾರುತ್ತಿತ್ತು, ಹೊಟ್ಟೆಯೂ ಅದರ ಜೊತೆ ಜಾರುತ್ತಿತ್ತು. ಜಾರುವುದಕ್ಕೆ ತುಸು ಮೊದಲಿನ ವೇಗದಲ್ಲಿ ಮೂವತ್ತು ಸೆಕೆಂಡ್, ದಿನಕ್ಕೆ ಮೂರು ಸಲ. ಅಮ್ಮ ಒಲೆಯ ಬಳಿಯಿಂದ ಎಣಿಸುತ್ತಿದ್ದರು. ಅಕ್ಟೋಬರ್ ಮುಗಿಯುವ ಹೊತ್ತಿಗೆ ವೇಗವಾಗಿ ಆಡಿಸಿದರೂ ‘ಕ’ ಅಲುಗಲಿಲ್ಲ. ಅಂದು ಅಮ್ಮ ಎಣಿಕೆ ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು.

ಸುಗ್ಗಿ ಹಬ್ಬ ಹುತ್ತರಿಯ ಪಟಾಕಿಗೆ ಗದ್ದೆಯಲ್ಲಿ ಎಲ್ಲರ ಜೊತೆ ನಿಂತಿದ್ದೆ. ಜನವರಿಯಿಂದ ಹಗ್ಗ ಜಿಗಿತ, ಒಬ್ಬಳೇ ಕಾಲು ಚಲನೆ, ಬ್ಯಾಗ್ ಮೇಲೆ ಮೆಲ್ಲಗೆ ಕೈ. ತಲೆಗೆ ಏಟು ಬೀಳಬಹುದಾದ ಯಾವ ಅಭ್ಯಾಸಕ್ಕೂ ವೈದ್ಯರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಹಳೆಯ ಗಾಯ ಮಾಗುವ ಮೊದಲು ಇನ್ನೊಂದು ಏಟು ಬಿದ್ದರೆ ಆಗುವ ಅನಾಹುತವನ್ನು ಅವರು ವಿವರಿಸಿದ ಮೇಲೆ ನಾನೂ ಕೇಳಿಲ್ಲ. ಕೋಚ್ ಎರಡು ಸಲ ವಿಚಾರಿಸಿದರು, ‘ಇನ್ನೂ ಇಲ್ಲ ಸರ್’ ಎಂದೆ.

ಸಂಜೆಯ ಇಳಿಬಿಸಿಲಿನಲ್ಲಿ ಸಿಲ್ವರ್ ಓಕ್ ಸಾಲಿನ ಪಕ್ಕ ಜೀಪಿನಲ್ಲಿ ಹೋಗುವಾಗ ಬಿಸಿಲು, ನೆರಳು ಪಟಪಟನೆ ಕಣ್ಣಿಗೆ ಹೊಡೆದರೆ ಇಂದಿಗೂ ಹುಬ್ಬಿನ ಮೇಲೆ ಭಾರ ಕೂರುತ್ತದೆ. ಆಗ ಜೀಪನ್ನು ಪಕ್ಕಕ್ಕೆ ಹಾಕಿ, ಬಿಸಿಲು ಮರಗಳ ಕೆಳಗೆ ಇಳಿಯುವವರೆಗೂ ಕಾಯುತ್ತೇನೆ.